ಗ್ರಹಣ ನೋಡಲು ಹೊರಟ ಅಕ್ಕ

ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಿನವನ ಮುಂದೆ ಅಕ್ಕನ ಗಂಡ, ಅಂದರೆ ನನ್ನ ಭಾವ, ನನ್ನ ಮೇಲೆ ಇಲ್ಲದ ಚಾಡಿ ಹೇಳಬಹುದಿತ್ತು. ಈಜಿಪ್ಟಿಗೆ ಹೊರಡುವ ಹೊತ್ತಿಗೆ ಅಕ್ಕನ ನೋವಿನ ಮಂಡಿ ಪೂರ್ತಿ ಹಿಡಿದುಕೊಳ್ಳಬಹುದು. ನನ್ನ ಹೆಂಡತಿಯ ಶೇಂಗಾ ಚಟ್ನಿಪುಡಿಯನ್ನು ವಿಮಾನ ನಿಲ್ದಾಣದವರು ಸಿಡಿಮದ್ದಿನ ಪುಡಿ ಅಂದುಕೊಳ್ಳಬಹುದು. ಹೊರಡುವ ಹಿಂದಿನ ವಾರ ದಾಯಾದಿಗಳಲ್ಲಿ ಯಾರಾದರೂ ತೀರಿಕೊಂಡು ಸೂತಕ ಬರಬಹುದು. ಅದಕ್ಕೇ ಈಚೆಗೆ ನಾನು ಮುದುಕರ ಆರೋಗ್ಯ ವಿಚಾರಿಸುವುದು ಜಾಸ್ತಿಯಾಗಿ, ಒಬ್ಬ ದೊಡ್ಡಪ್ಪ "ಏನಲೇ, ನನ್ನ ತಿಥಿಗೆ ದಿನ ನೋಡ್ತಿದೀಯಾ?" ಅಂತ ಗದರಿದರು. ಇನ್ನು ಗ್ರಹಣ ಮುಚ್ಚಿಬಿಡುವ ಮೋಡ. ಮರಳುಗಾಡಿನಲ್ಲಿ ಎಲ್ಲಿಯ ಮೋಡ ಅನ್ನುತ್ತಾರೆ. ಚಳ್ಳಕೆರೆಗೆ ಬಾರದ ಮೋಡ ನನ್ನನ್ನು ಹುಡುಕಿಕೊಂಡು ಈಜಿಪ್ಟಿಗೆ ಬಂದರೂ ಬಂದೀತು.

ನಾನು ಚಳ್ಳಕೆರೆಯಲ್ಲಿ ಔಷಧಿ ಅಂಗಡಿ ಇಟ್ಟವನು. ಹಗಲೆಲ್ಲ ಊರವರ ಕಾಯಿಲೆ ಕೇಳಿಸಿಕೊಂಡು, ಅಂಗಡಿ ಮುಚ್ಚಿದ ಮೇಲೆ ಅವೆಲ್ಲ ನನಗೂ ಇವೆಯೇನೋ ಅಂತ ಮೈ ಮುಟ್ಟಿ ನೋಡಿಕೊಳ್ಳುವವನು. ಇಂಥವನ ಕೊರಳಿಗೆ ಮುಂದಿನ ವರ್ಷದ ಪೂರ್ಣ ಸೂರ್ಯಗ್ರಹಣ ಕಟ್ಟಿದವಳು ಅಕ್ಕ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಂಥದೊಂದು ಗ್ರಹಣ ಹಿಡಿದಿತ್ತು. ರಾಯಚೂರಿನ ಕಡೆ ಹಗಲೇ ಕತ್ತಲಾಯಿತಂತೆ. ನಮ್ಮ ಕಡೆ ಸ್ವಲ್ಪದರಲ್ಲಿ ತಪ್ಪಿತು. ಅಕ್ಕ ಆಗ ಮೊಳಕಾಲ್ಮುರಿನಲ್ಲಿ ಮಗ್ಗದ ಮನೆಯ ಹೊಸ ಸೊಸೆ, ಬಸುರಿ. ಅತ್ತೆ ಅವಳನ್ನು ಒಳಕೋಣೆಗೆ ಕಳಿಸಿ, ಕಿಟಕಿಗೆ ಕಂಬಳಿ ತುರುಕಿ, ಕೈಕಾಲು ನೀಡಿ ಮಲಗು, ಮಗ್ಗುಲು ತಿರುಗಬೇಡ, ಮೈ ತುರಿಸಿಕೊಳ್ಳಬೇಡ ಅಂದರಂತೆ. ಬಾಗಿಲಲ್ಲಿ ಕಾವಲು ಕೂತವರು ಭಾವ. "ಮಧ್ಯಾಹ್ನದಾಗೆ ಕೋಳಿ ಗೂಡು ಸೇರಿದ ಸದ್ದು ಕೇಳಿಸ್ತು. ನಾನು ನೋಡಿದ ಗ್ರಹಣ ಅಷ್ಟೇ," ಅನ್ನುತ್ತಾಳೆ ಅಕ್ಕ. ಆಗ ಹೊಟ್ಟೆಯಲ್ಲಿದ್ದ ಮಗಳು ಈಗ ಮದುವೆ ವಯಸ್ಸಿನ ಮಕ್ಕಳ ತಾಯಿ. ಅಕ್ಕನಿಗೆ ಮಾತ್ರ ಆ ಕಂಬಳಿಯ ಮೇಲಿನ ಸಿಟ್ಟು ಇಳಿದಿಲ್ಲ. "ನಮ್ಮ ದೇಶದಾಗೆ ಇನ್ನೊಂದು ಆಗೋ ಹೊತ್ತಿಗೆ ನಾನು ಇದ್ರೂ ಈ ಮಂಡಿ ಇರಲ್ಲ. ಕರ್ಕಂಡ್ ಹೋಗ್ತೀಯಾ ಇಲ್ವಾ?" ಅಂದಳು.

ಬೆಂಗಳೂರಿನ ಟೂರಿನವನು ಬರುವುದು ಹೌದೋ ಅಲ್ಲವೋ ಭಾನುವಾರದೊಳಗೆ ಹೇಳಿ ಅಂದಿದ್ದ. ಭಾವನನ್ನು ಒಪ್ಪಿಸಲು ನಾನು ಭಾನುವಾರ ಬೆಳಿಗ್ಗೆ ಮೊಳಕಾಲ್ಮುರಿನ ಬಸ್ಸು ಹತ್ತಿದೆ. ಭಾವನಿಗೂ ನನಗೂ ಮೊದಲಿಂದ ಆಗಿಬರುವುದಿಲ್ಲ. ಬೀಗರ ಮುಂದೆ ನಾನು ಭಾವನ ಎಲೆಯಿಂದ ನಾಲ್ಕನೇ ಹೋಳಿಗೆ ಎತ್ತಿಸಿ "ಶುಗರ್ ಐತಲ್ಲ" ಅಂದ ದಿನದಿಂದ ಅವರು ನಮ್ಮ ಮನೆಯಲ್ಲಿ ನೀರು ಕೂಡ ಕುಡಿದಿಲ್ಲ. ಸಿಟ್ಟು ಬಂದರೆ ಅವರು ನನ್ನನ್ನು ತೆಲುಗಿನಲ್ಲಿ ಬಾಮ್ಮರ್ದಿ ಅನ್ನುತ್ತಾರೆ. ಹೆಂಡತಿಯ ತಮ್ಮ ಅನ್ನುವ ಆ ಮಾತು ಅವರ ಬಾಯಲ್ಲಿ ಬೈಗುಳದಂತೆ ಕೇಳುತ್ತದೆ.

"ಬಂದ್ಯಾ ಬಾಮ್ಮರ್ದಿ," ಅಂದರು ಪಡಸಾಲೆಯಿಂದಲೇ. "ಗ್ರಹಣ ಅಂದ್ರೆ ಊರೆಲ್ಲ ಒಳಗೆ ಸೇರ್ಕಂತೈತೆ. ನೀನು ಅದನ್ನ ಹುಡುಕ್ಕಂಡು ವಿಮಾನ ಹತ್ತೋನು. ಎಮ್ಮೆಗಿರೋ ಬುದ್ಧಿನಾದ್ರೂ ಬ್ಯಾಡ್ವಾ?"

"ಗ್ರಹಣದಿಂದ ಎಮ್ಮೆಗೂ ಏನೂ ಆಗಲ್ಲ ಭಾವ."

"ಅದಕ್ಕೇ ನಿನಗೂ ಏನೂ ಆಗಲ್ಲ. ನನ್ನ ಹೆಂಡ್ತಿ ವಿಷಯ ಹೇಳು. ಕಣ್ಣು ಹೋದ್ರೆ?"

"ಅದಕ್ಕೆ ಗ್ರಹಣ ನೋಡೋ ಕನ್ನಡಕ ತರಿಸ್ತೀನ್ರಿ."

"ನಿನ್ನ ಅಂಗಡಿಯಿಂದಾ? ಹಂಗಾರೆ ಕಣ್ಣು ಹೋದಂಗೇ."

ಮಂಡಿ ಅಂದರು, ಊಟ ಅಂದರು, ವಿಮಾನ ಬಿದ್ದರೆ ಅಂದರು. ಅವರು ಹೇಳಿದ ಒಂದೊಂದೂ ನನ್ನ ತಲೆಯೊಳಗೆ ಮೊದಲೇ ಮನೆ ಮಾಡಿಕೊಂಡಿದ್ದ ಹೆದರಿಕೆಯೇ. ಆದರೆ ಅವರ ಬಾಯಿಂದ ಬಂದಕೂಡಲೇ ಅದು ದಡ್ಡತನವಾಗಿ ಕೇಳಿಸಿ, ನಾನು ಧೈರ್ಯವಂತನಾಗಿಬಿಡುತ್ತಿದ್ದೆ. ಭಾವ ಕೊನೆಗೆ ಟವೆಲ್ ಕೊಡವಿ, "ಆಕೆ ಎಲ್ಲಿಗೂ ಬರಲ್ಲ. ಎದ್ದು ಹೋಗು," ಅಂದರು.

ಮೂಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ. "ತಮ್ಮಾ, ಅವತ್ತು ಸಾಯಂಕಾಲ ಇಲ್ಲೂ ಒಂಚೂರು ಹಿಡಿಯುತ್ತಂತೆ, ಹೌದಾ?"

"ಹೌದಕ್ಕ."

"ಹಂಗಾರೆ ಕೇಳ್ರಿ ಇಲ್ಲಿ," ಅಂತ ಭಾವನ ಕಡೆ ತಿರುಗಿದಳು. "ಮಧ್ಯಾಹ್ನದ್ದು ಏನು ಉಳಿದ್ರೂ ಚೆಲ್ರಿ. ಹಾಲಿಗೆ, ಉಪ್ಪಿನಕಾಯಿಗೆ ದರ್ಬೆ ಹಾಕ್ರಿ. ಬಿಟ್ಟ ಮೇಲೆ ಮನೆ ತೊಳೆದು, ನೀರು ಕಾಯಿಸ್ಕಂಡು ತಲೆ ಮೇಲೆ ಹುಯ್ಕಳ್ರಿ. ಆಮೇಲೆ ಹೊಸದಾಗಿ ಮುದ್ದೆ ತಿರುವಿ ಉಣ್ರಿ. ನಾನು ಬರೋ ತನಕ ಬಿಟ್ಟೀರಾ ಮತ್ತೆ, ಮೈಲಿಗೆ."

ಆ ಮನೆಯಲ್ಲಿ ಗ್ರಹಣದ ನೇಮವೆಲ್ಲ ಭಾವನದು, ಮಾಡುವ ಕೈ ಅಕ್ಕನದು. ಗ್ಯಾಸಿನ ಒಲೆ ಯಾವ ಕಡೆ ತಿರುಗಿಸಿದರೆ ಹತ್ತುತ್ತದೆ ಅನ್ನುವುದು ಕೂಡ ಅವರಿಗೆ ಗೊತ್ತಿಲ್ಲ.

"ಮಗಳನ್ನ ಕರೆಸ್ತೀನಿ," ಅಂದರು.

"ಅವಳ ಮನೇಲೂ ಅವತ್ತು ಗ್ರಹಣಾನೇ. ಅವರತ್ತೆ ಕಳಿಸ್ತಾಳಾ?"

ಭಾವ ನನ್ನ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡೇ ಕೇಳಿದರು: "ಲೇ, ಆ ಊರಾಗೆ ಅನ್ನನಾದ್ರೂ ಸಿಗುತ್ತಾ?"

"ಸಿಗುತ್ತೆ ಭಾವ."

"ನಾನು ನೋಡಾಕೆ ಬರಲ್ಲ, ತಿಳ್ಕ. ಅಲ್ಲಿಗೆ ಬಂದ್ರೂ ಅದು ಬಿಡೋ ತನಕ ರೂಮಿನೊಳಗೇ ಕುಂತಿರ್ತೀನಿ. ಇವಳನ್ನ ನಿನ್ನ ಕೈಯಾಗೆ ಕೊಟ್ಟು ಕಳಿಸೋ ಅಷ್ಟು ನನಗೆ ತಲೆ ಕೆಟ್ಟಿಲ್ಲ."

ಅಕ್ಕ ಮೊರ ಕೆಳಗಿಟ್ಟು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಇವರ ಮನಸ್ಸು ತಿರುಗುವುದರೊಳಗೆ ಮುಗಿಸಿಬಿಡೋಣ ಅಂತ ನಾನು ಅಲ್ಲೇ ಟೂರಿನವನಿಗೆ ಫೋನು ಹಚ್ಚಿದೆ. ನಾಲ್ಕು ಜನ, ಎರಡು ರೂಮು. ಒಂದು ನನಗೂ ನನ್ನ ಹೆಂಡತಿಗೂ, ಇನ್ನೊಂದು... ಅಷ್ಟರಲ್ಲಿ ಅಕ್ಕ ಫೋನು ಕಿತ್ತುಕೊಂಡಳು.

"ಹಂಗಲ್ಲಪ್ಪ. ಹೆಂಗಸರಿಗೊಂದು, ಗಂಡಸರಿಗೊಂದು ಅಂತ ಬರ್ಕ. ಇವರ ಗೊರಕೆ ನಾನು ಬೇಕಾದಷ್ಟು ಕೇಳೀನಿ. ಅಲ್ಲಿ ನನ್ನ ತಮ್ಮ ಕೇಳ್ಲಿ."

ಆ ಕಡೆಯವನು ಬರೆದುಕೊಂಡ. ಇನ್ನು ಬದಲಾಯಿಸಲು ಬರುವುದಿಲ್ಲ ಅಂತಲೂ ಹೇಳಿದ. ಭಾವ ನನ್ನನ್ನು ನೋಡಿದರು, ನಾನು ಭಾವನನ್ನು ನೋಡಿದೆ.

"ಫ್ಯಾನಿನ ಕೆಳಗಿನ ಮಂಚ ನಂದು," ಅಂದರು.