ಪಾವು ಹಾಲು, ಗಿಡ್ಡ ನೆರಳು

ಬೆಳಗಿನ ಐದೂ ಮುಕ್ಕಾಲು. ದೇವದುರ್ಗದಿಂದ ಗೂಗಲ್ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಹಳ್ಳಿ. ಹಾಲಿನ ಡೈರಿಯ ಶಟರ್ ಮೇಲೇಳುವ ಸದ್ದಿಗೇ ಅಲ್ಲಿ ಅರ್ಧ ಊರು ಎಚ್ಚರಾಗುತ್ತದೆ. ಒಳಗೆ ಪಾರ್ವತೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಳತೆಯ ಲೀಟರುಗಳಿಗೆ ಬಿಸಿನೀರು ಹಾಕಿ ತೊಳೆಯುತ್ತಿದ್ದಾರೆ. ಹೊರಗೆ ಕ್ಯಾನು ಹಿಡಿದ ಹೆಣ್ಣುಮಕ್ಕಳ ಸಾಲು ಬೇವಿನ ಗಿಡದವರೆಗೂ ಬೆಳೆದಿದೆ.

ಸಾಲಿನ ಮುಂದೆ ಬಂಡೆಮ್ಮ. ಎಮ್ಮೆ ಮೂರಾದರೂ ಬಾಯಿ ಮಾತ್ರ ಇಡೀ ಓಣಿಗಾಗುವಷ್ಟು. ಅವರು ಕ್ಯಾನನ್ನು ಮೇಜಿನ ಮೇಲೆ ಇಡುತ್ತಿದ್ದಂತೆ ಪಾರ್ವತೆಮ್ಮನ ಮೊದಲ ಪ್ರಶ್ನೆ: “ಮನ್ಯಾಗ ಎಷ್ಟು ಇಟ್ಟು ಬಂದಿ?”

ಬಂಡೆಮ್ಮ ಬೇವಿನ ಗಿಡ ನೋಡುತ್ತಾರೆ. ಉತ್ತರ ಸಿಕ್ಕಂತಾಯಿತು. ಗೋಡೆಯ ಗೂಡಿನಲ್ಲಿ ಮುಚ್ಚಳದ ಸಣ್ಣ ಡಬ್ಬಿಗಳು ಸಾಲಾಗಿ ಕೂತಿವೆ. ಒಂದನ್ನು ಎಳೆದುಕೊಂಡು ಪಾರ್ವತೆಮ್ಮ ಪಾವು ಲೀಟರ್ ಹಾಲನ್ನು, ಅಂದರೆ ಒಂದು ದೊಡ್ಡ ಲೋಟದಷ್ಟನ್ನು, ಅದಕ್ಕೆ ಸುರಿದು ಬಂಡೆಮ್ಮನ ಕೈಗೇ ಹಿಡಿಸುತ್ತಾರೆ. ಉಳಿದದ್ದನ್ನು ಆಮೇಲೆ ಅಳೆಯುತ್ತಾರೆ.

“ಯವ್ವಾ, ನೀ ಡೈರಿಯಾಕಿನೋ, ನಮ್ಮತ್ತಿನೋ?”

“ಅತ್ತಿ ಆಗಿದ್ರ ಅರ್ಧ ಲೀಟರ್ ಇಡಿಸ್ತಿದ್ದೆ. ಸುಮ್ನ ಒಯ್ದು ಹುಡುಗುರಿಗೆ ಕುಡಿಸು.”

ಸಾಲು ನಗುತ್ತದೆ. ಹಿಂದೆ ನಿಂತವರೊಬ್ಬರು, ಕೇಳುವ ಮೊದಲೇ, ಮನೆಯಲ್ಲಿ ಇಟ್ಟೇ ಬಂದಿದ್ದೇನೆಂದು ಆಣೆ ಮಾಡುತ್ತಾರೆ.

ಐವತ್ತೆಂಟು ಮನೆಯ ಹಾಲು ಈ ಮೇಜಿನ ಮೇಲೆ ಬರುತ್ತದೆ. ಬೆಳಿಗ್ಗೆ ಹೆಚ್ಚೂಕಡಿಮೆ ನೂರಾ ಅರವತ್ತು ಲೀಟರ್, ಸಂಜೆ ತುಸು ಕಮ್ಮಿ. ಪ್ರತಿ ಕ್ಯಾನಿನಿಂದ ಒಂದಿಷ್ಟು ತೆಗೆದು ಯಂತ್ರಕ್ಕೆ ಕೊಟ್ಟು ಜಿಡ್ಡು ನೋಡಬೇಕು, ನೀರು ಬೆರೆತಿದೆಯೋ ಪರೀಕ್ಷಿಸಬೇಕು, ಏಳೂವರೆಗೆ ರಾಯಚೂರಿನ ಗಾಡಿ ಬರುವಷ್ಟರಲ್ಲಿ ದೊಡ್ಡ ಕ್ಯಾನುಗಳ ಬಾಯಿ ಬಿಗಿಯಬೇಕು. ಏಳನೇ ಇಯತ್ತೆವರೆಗೆ ಓದಿದ ಪಾರ್ವತೆಮ್ಮ ಹನ್ನೊಂದು ವರ್ಷದಿಂದ ಇದನ್ನು ಮಾಡುತ್ತಿದ್ದಾರೆ. ಆದರೆ ಹಾಲು ವಾಪಸ್ ಕೊಡುವ ಈ ರೂಢಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಅದರ ಹಿಂದೆ ಅವರ ಮನೆಯದೇ ಒಂದು ಕತೆಯಿದೆ, ಮೊಮ್ಮಗಳು ಮೇಘಾಳದು.

ಪಾರ್ವತೆಮ್ಮನ ಬಾಲ್ಯ ಕಳೆದದ್ದೆಲ್ಲ ಬಿಸಿಲಲ್ಲಿ. ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಕಾಲುವೆ ನೀರು ಬಂದಾಗ ಮಾನ್ವಿ ಕಡೆಗೆ ಭತ್ತ ನಾಟಿಗೆ ಗುಂಪು ಕಟ್ಟಿಕೊಂಡು ಹೋಗುವುದು. ಬೆನ್ನ ಮೇಲೆ ರವಿಕೆಯ ಆಕಾರವೇ ಅಚ್ಚೊತ್ತಿದಂತೆ ಉಳಿದಿತ್ತಂತೆ. ಮಗಳು ಮೌನೇಶ್ವರಿಯನ್ನು ಮಾತ್ರ ಹಟ ಹಿಡಿದು ಓದಿಸಿದರು. ಈಗ ಆಕೆ ಮಾನ್ವಿಯಲ್ಲಿ ಶಾಲೆಯ ಟೀಚರು. ಕೆಲಸಕ್ಕೆ ಸೇರುವಾಗ ಎಂಟು ತಿಂಗಳ ಮೇಘಾಳನ್ನು ತಾಯಿಯ ಮಡಿಲಿಗೆ ಹಾಕಿ ಹೋದರು.

ಅಜ್ಜಿ ಅಂದೇ ಒಂದು ಪಣ ತೊಟ್ಟರು: ತಾನು ಸುಟ್ಟುಕೊಂಡ ಬಿಸಿಲು ಈ ಕೂಸಿನ ಮೈಗೆ ಸೋಕಕೂಡದು. ಅಂಗಳದ ತುಂಬ ತಾಡಪತ್ರಿ ಕಟ್ಟಿಸಿದರು. ಬಾಗಿಲಿಗೆ ಪರದೆ ಬಂತು. ಹೊರಗೆ ಹೋಗಬೇಕಾದರೆ ಮಗುವಿಗೆ ತಲೆಯಿಂದ ಪಾದದವರೆಗೆ ಹೊದಿಕೆ. ಓಣಿಯವರು “ಎಷ್ಟು ತಿಳಿ ಬಣ್ಣ, ಟೀಚರಮ್ಮನ ಮಗಳು ಅಂದ್ರ ಟೀಚರಮ್ಮನ ಮಗಳೇ” ಅಂದಾಗ ಅಜ್ಜಿಗೆ ಎದೆ ಉಬ್ಬುತ್ತಿತ್ತು. ಹಾಲಿನದು ಇನ್ನೊಂದು ಕತೆ. ಕೂಸಿಗೆ ಒಮ್ಮೆ ನೆಗಡಿಯಾಯಿತು, ಹಾಲಿನಿಂದ ಕಫ ಕಟ್ಟುತ್ತದೆಂದು ಯಾರೋ ಹೇಳಿದರು, ಹಾಲು ನಿಂತಿತು. ನೆಗಡಿ ಹೋಯಿತು, ಹಾಲು ತಿರುಗಿ ಬರಲಿಲ್ಲ. ಮನೆಯ ಎಮ್ಮೆಯ ಹಾಲೆಲ್ಲ ಡೈರಿಗೆ, ಮೇಘಾಳಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು.

“ಊರ ಹಾಲೆಲ್ಲ ನನ್ನ ಕೈಲೆ ಅಳೀತೀನಿ, ನನ್ನ ಮನಿ ಕೂಸು ಚಾ ಕುಡ್ದು ಬೆಳೀತು ನೋಡ್ರಿ” ಎನ್ನುತ್ತಾರೆ ಪಾರ್ವತೆಮ್ಮ, ಲೀಟರನ್ನು ಬೋರಲು ಹಾಕುತ್ತ.

ಮೇಘಾ ನಡೆಯಲು ತಡ ಮಾಡಿದಳು. ನಡೆದ ಮೇಲೆ ಕಾಲುಗಳು ಬಿಲ್ಲಿನಂತೆ ಬಾಗತೊಡಗಿದವು. ಪಾದ ಜೋಡಿಸಿ ನಿಲ್ಲಿಸಿದರೆ ಮೊಣಕಾಲುಗಳ ನಡುವೆ ಅಜ್ಜಿಯ ಮುಷ್ಟಿ ಸಲೀಸಾಗಿ ಹೋಗುತ್ತಿತ್ತು. ದೃಷ್ಟಿ ತೆಗೆದದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಕೊನೆಗೆ ಮಗಳು ರಜೆ ಹಾಕಿ ಬಂದು ಇಬ್ಬರನ್ನೂ ರಾಯಚೂರಿನ ಮಕ್ಕಳ ಡಾಕ್ಟರ್ ವೃಂದಾ ಅವರ ಬಳಿ ಕರೆದೊಯ್ದರು.

ಎಕ್ಸ್‌ರೇ, ರಕ್ತಪರೀಕ್ಷೆ ನೋಡಿದ ಡಾಕ್ಟರು ಮೊದಲು ಕೇಳಿದ್ದೇ ಮಗು ಎಲ್ಲಿ ಆಡುತ್ತದೆಂದು. ನೆರಳಲ್ಲೇ ಸಾಕಿದ್ದೇನೆಂದು ಪಾರ್ವತೆಮ್ಮ ಅಭಿಮಾನದಿಂದಲೇ ಹೇಳಿದರು.

“ಯವ್ವಾ, ರಾಯಚೂರ ಜಿಲ್ಲಾದಾಗ ಹುಟ್ಟಿದ ಕೂಸಿಗೆ ಬಿಸಿಲು ಕಮ್ಮಿ ಬಿದ್ದದ ಅಂದ್ರ ನಂಬ್ತೀರೇನು?” ಎಂದರು ಡಾಕ್ಟರು.

ಹಾಲು ಎಲುಬಿಗೆ ಬೇಕಾದ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕೊಡುತ್ತದೆ. ಆ ಸುಣ್ಣವನ್ನು ಮೈಗೆ ಹಿಡಿಸಿಕೊಡುವುದು ಡಿ ಜೀವಸತ್ವ. ಅದನ್ನು ನಮ್ಮ ಚರ್ಮ ಬಿಸಿಲಿನಿಂದ ತಯಾರಿಸಿಕೊಳ್ಳುತ್ತದೆ. ಮಗುವಿಗೆ ಎರಡೂ ಸಿಕ್ಕಿಲ್ಲ. ಡಾಕ್ಟರು ಹೇಳಿದ್ದು ಇಷ್ಟೇ. ಔಷಧಿ ಬರೆದುಕೊಟ್ಟರು, ಊಟದಲ್ಲಿ ಹಾಲು, ಮೊಸರು, ರಾಗಿ, ಮೊಟ್ಟೆ ಇರಲಿ ಅಂದರು. ಬಿಸಿಲಿಗೂ ಒಂದು ಅಳತೆ ಹೇಳಿಕೊಟ್ಟರು. ಮಗುವಿನ ನೆರಳು ಮಗುವಿಗಿಂತ ಗಿಡ್ಡ ಆದ ಹೊತ್ತು ನೋಡಿ ಹತ್ತು ಹದಿನೈದು ನಿಮಿಷ ಆಡಲು ಬಿಟ್ಟರೆ ಸಾಕು, ಸುಡುವ ಬಿಸಿಲಲ್ಲಿ ಹೆಚ್ಚು ಹೊತ್ತು ಬೇಡ.

ವಾಪಸ್ ಬರುವ ಬಸ್ಸಿನಲ್ಲಿ ಮಗಳು ಒಂದು ಮಾತೂ ಬೈಯಲಿಲ್ಲ. “ಬೈದಿದ್ರ ಹಗುರ ಆಗ್ತಿತ್ರಿ” ಎನ್ನುತ್ತಾರೆ ಪಾರ್ವತೆಮ್ಮ. ಮನೆಗೆ ಬಂದವರೇ ಸ್ಟೂಲ್ ಹಾಕಿಕೊಂಡು ತಾಡಪತ್ರಿಯ ಹಗ್ಗ ಬಿಚ್ಚಿದರು. ಗಂಡ ಉರುಕುಂದಪ್ಪ ಹೊರಸಿನ ಮೇಲೆ ಮಲಗಿದ್ದವರು ಮುಖದ ಮೇಲೆ ಬಿಸಿಲು ಬಿದ್ದು ಎದ್ದು ಕೂತರು. ಊರೆಲ್ಲ ನೆರಳು ಹುಡುಕುವಾಗ ಇವಳೊಬ್ಬಳು ಇದ್ದ ನೆರಳು ಬಿಚ್ಚುತ್ತಾಳಲ್ಲ ಎಂದು ಗೊಣಗಿ, ಆಮೇಲೆ ತಾವೇ ಇನ್ನೊಂದು ತುದಿ ಹಿಡಿದರು.

ಮರುದಿನ ಡೈರಿಯಲ್ಲಿ ಕ್ಯಾನು ಬಂದಂತೆಲ್ಲ ಪಾರ್ವತೆಮ್ಮನಿಗೆ ಹಾಲು ಕಾಣಲಿಲ್ಲ, ಆ ಮನೆಯ ಮಕ್ಕಳು ಕಂಡರು. ಯಾರ ಮನೆಯ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಎಷ್ಟು ಡೈರಿಗೆ ಬರುತ್ತದೆ, ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಪಾವಿನ ರೂಢಿ ಶುರುವಾದದ್ದು ಆ ದಿನ. ಡೈರಿ ಇರುವುದು ಹಾಲು ತೆಗೆದುಕೊಳ್ಳಲು, ಕೊಡಲು ಅಲ್ಲ ಎಂದು ಹಾಲಿನ ಸಂಘದ ಅಧ್ಯಕ್ಷೆ ಸರ್ವರಿ ಬೇಗಂ ತಕರಾರು ತೆಗೆದರು. ಪಾರ್ವತೆಮ್ಮ ಮೇಘಾಳನ್ನು ಕರೆತಂದು ಅವರ ಮುಂದೆ ನಿಲ್ಲಿಸಿದರು. ಸರ್ವರಿ ಬೇಗಂ ಮಗುವಿನ ತಲೆ ಸವರಿ ಎದ್ದುಹೋದವರು ಆ ಮಾತು ಮತ್ತೆ ಎತ್ತಿಲ್ಲ. ಮುಚ್ಚಳದ ಡಬ್ಬಿಗಳು ಅವರೇ ಕಳಿಸಿದ್ದು.

ಈಗ ಒಂಬತ್ತು ದಾಟಿದೆ. ರಾಯಚೂರಿನ ಗಾಡಿ ಹೋಗಿಯಾಗಿದೆ. ನಾಲ್ಕೂವರೆ ವರ್ಷದ ಮೇಘಾ ಲೋಟದ ಹಾಲು ಮುಗಿಸಿ, ಬಿಳಿ ಮೀಸೆ ಹೊತ್ತು ಅಂಗಳಕ್ಕೆ ಬರುತ್ತಾಳೆ. ಅಜ್ಜಿ ಅವಳನ್ನು ನಿಲ್ಲಿಸಿ, ನೆರಳಿನ ತುದಿಗೆ ಸುಣ್ಣದ ಗೆರೆ ಎಳೆದು, ಗೇಣಿನಿಂದ ಅಳೆಯುತ್ತಾರೆ. ನೆರಳು ಇನ್ನೂ ಉದ್ದ. ಸ್ವಲ್ಪ ಹೊತ್ತು ತಡೆದು ಇನ್ನೊಮ್ಮೆ ಅಳತೆ. “ಈಗ ಗಿಡ್ಡ ಆತು, ಹೋಗು” ಅನ್ನುವುದೇ ತಡ, ಮೇಘಾ ಓಣಿಯ ಮಕ್ಕಳ ನಡುವೆ ಮಾಯ.

ಮೊಣಕಾಲುಗಳ ನಡುವೆ ಮುಷ್ಟಿ ಹೋಗುತ್ತಿದ್ದ ಕಂಡಿಯಲ್ಲಿ ಈಗ ಎರಡು ಬೆರಳು ಮಾತ್ರ ಹೋಗುತ್ತವೆ. ಪಾರ್ವತೆಮ್ಮ ಭಾನುವಾರಕ್ಕೊಮ್ಮೆ ಅದನ್ನೂ ಅಳೆಯುತ್ತಾರೆ. ಯುಗಾದಿ ಕಳೆದ ಮೇಲೆ ಮತ್ತೆ ಡಾಕ್ಟರ ಬಳಿ ಹೋಗಬೇಕು. ಕಾಲು ಹೀಗೇ ನೆಟ್ಟಗಾಗುತ್ತ ಬಂದರೆ ಆಪರೇಷನ್ ಬೇಡ ಎಂದಿದ್ದಾರೆ ವೃಂದಾ. ಹಾಲಿಗೆ ಪಾವು, ನೆರಳಿಗೆ ಗೇಣು, ಮೊಣಕಾಲಿಗೆ ಬೆರಳು: ಈ ಮೂರು ಅಳತೆಯಲ್ಲಿ ಅವರ ವಾರ ಕಳೆಯುತ್ತದೆ.

ಪತ್ರಿಕೆಗೊಂದು ಫೋಟೊ ಬೇಕು ಅಂದಾಗ ಪಾರ್ವತೆಮ್ಮ ಸೆರಗು ಸರಿ ಮಾಡಿಕೊಳ್ಳುವುದಿಲ್ಲ. ಓಣಿಯ ತುದಿಯತ್ತ ಕೈ ಮಾಡುತ್ತಾರೆ.

“ನಂದು ಬ್ಯಾಡ್ರಿ, ಆಕಿದು ತೆಗೀರಿ. ನಿಲ್ಲಿಸಿ ಮಾತ್ರ ತೆಗೀಬ್ಯಾಡ್ರಿ, ನಿಂತ್ರ ಮಂದಿ ಕಾಲು ನೋಡ್ತಾರ. ಓಡಾಕತ್ತಾಳಲ್ಲ, ಹಂಗ ತೆಗೀರಿ.”