ಇಸ್ತ್ರಿಯಮ್ಮನ ಪರವಾಗಿ

ತಪ್ಪು ನನ್ನದು. ಪತ್ರಿಕೆಯಲ್ಲಿ ತಿದ್ದುಪಡಿ ಹಾಕುವಾಗ ತಪ್ಪು ಯಾವುದೆಂದು ಮೊದಲ ಸಾಲಿನಲ್ಲೇ ಹೇಳಬೇಕು, ಸಮಜಾಯಿಷಿ ಏನಿದ್ದರೂ ಆಮೇಲೆ. ಹಾಗಾಗಿ ಮೊದಲೇ ಹೇಳುತ್ತಿದ್ದೇನೆ: ಒಬ್ಬ ಹೆಂಗಸು ದುಡಿದ ಗಂಟೆಗಳನ್ನು ನಾನು ಇನ್ನೊಬ್ಬರ ಫೋನಿಗೆ ಬರೆದೆ. ಆ ಗಂಟೆಗಳೇ ಆಕೆಯನ್ನು ಇದ್ದ ಜಾಗದಿಂದ ಎಬ್ಬಿಸಿದವು.

ಮಲ್ಲೇಶ್ವರದಲ್ಲಿ ನಮ್ಮ ಮನೆಯ ಹಿಂದೆ ಒಂದು ಕನ್ಸರ್ವೆನ್ಸಿ ಗಲ್ಲಿ ಇದೆ. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವಿನ ಹತ್ತು ಹನ್ನೆರಡು ಅಡಿ ಅಗಲದ ಸಂದಿ. ಮಲ ಹೊರುವವರು ಮನೆಗಳ ಮುಂಬಾಗಿಲಲ್ಲಿ ಕಾಣಿಸಬಾರದೆಂದು ಊರು ಕಟ್ಟಿದವರು ಬಿಟ್ಟ ದಾರಿ ಅದು. ಒಳಚರಂಡಿ ಬಂದ ಮೇಲೆ ಗಲ್ಲಿಗೆ ಕೆಲಸವಿಲ್ಲದಾಯಿತು. ನಾನು ನಿವೃತ್ತನಾಗಿ ಮನೆಯಲ್ಲಿ ಕೂರುವ ಹೊತ್ತಿಗೆ ಅಲ್ಲಿ ಒಡೆದ ಮನೆಗಳ ಇಟ್ಟಿಗೆ ಚೂರು, ಹಳೆಯ ಕಮೋಡು, ಚಕ್ರವಿಲ್ಲದ ಒಂದು ಸ್ಕೂಟರು, ಮಳೆ ಬಂದರೆ ಮೊಣಕಾಲುದ್ದ ಕಪ್ಪು ನೀರು ಇದ್ದವು.

ಎದುರು ಸಾಲಿನ ಮಹಡಿ ಮನೆಯಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರಿದ್ದರು. ಸಾಫ್ಟ್‌ವೇರ್ ಬರೆಯುವವರು. ಗಲ್ಲಿಯನ್ನು ಚೊಕ್ಕಟ ಮಾಡಿ, ತರಗೆಲೆ ಗೊಬ್ಬರ ಮಾಡಿ, ಮಳೆನೀರು ಇಂಗಿಸಿ, ಗಿಡ ನೆಡೋಣ ಎಂದು ಮನೆಮನೆಗೆ ಬಂದು ಕರೆದರು. ಯಾರು ಎಷ್ಟು ದುಡಿದರು ಎನ್ನುವ ದಾಖಲೆಯನ್ನು ಬ್ಲಾಕ್‌ಚೈನ್ ಮೇಲೆ ಇಡೋಣ ಎಂದರು. ಮೊದಲ ಸಭೆ ಆ ಗಲ್ಲಿಯಲ್ಲೇ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಡೆಯಿತು.

"ಇದು ಯಾರೋ ಒಬ್ಬರ ಹತ್ರ ಇರೋ ಪುಸ್ತಕ ಅಲ್ಲ. ಎಲ್ಲರ ಹತ್ರನೂ ಒಂದೊಂದು ಕಾಪಿ ಇರತ್ತೆ," ಎಂದು ಆಕೆ ವಿವರಿಸಿದರು. "ಒಂದ್ಸಲ ಬರೆದ್ರೆ ಯಾರೂ ಅಳಿಸೋಕಾಗಲ್ಲ, ಯಾರೂ ಮರೆಯೋಕಾಗಲ್ಲ."

"ನಮ್ಮನೆಯವಳ ಥರ ಅನ್ನಿ," ಎಂದರು ಮೂಲೆ ಮನೆಯ ಯಜಮಾನರು. ಚಿಕ್ಕಪೇಟೆಯಲ್ಲಿ ಸಗಟು ಬಟ್ಟೆ ವ್ಯಾಪಾರ ಅವರದು. ಎಲ್ಲರೂ ನಕ್ಕರು, ನಾನೂ.

ಒಂದು ಗಂಟೆ ಕೆಲಸಕ್ಕೆ ಒಂದು ಟೋಕನ್. ಗಲ್ಲಿಯ ಬಾಯಲ್ಲಿ ದೊಡ್ಡದೊಂದು ಹೊಂಗೆ ಮರವಿದ್ದುದರಿಂದ ಟೋಕನ್ನಿಗೆ 'ಹೊಂಗೆ' ಎಂದೇ ಹೆಸರಿಟ್ಟೆವು.

"ಎಷ್ಟು ಹೊಂಗೆಗೆ ಒಂದು ಖಾಲಿ ದೋಸೆ?" ಎಂದು ಯಾರೋ ಕೇಳಿದರು.

"ದೋಸೆ ಸಿಗಲ್ಲ ಅಂಕಲ್, ಮತ ಸಿಗತ್ತೆ," ಎಂದರು ಆಕೆ. "ಗಲ್ಲೀಲಿ ಏನು ಮಾಡ್ಬೇಕು ಅನ್ನೋದಕ್ಕೆ, ಜಾಸ್ತಿ ದುಡಿದವರ ಮಾತಿಗೆ ಜಾಸ್ತಿ ತೂಕ."

ಇದು ನನಗೆ ಹಿಡಿಸಿತು. ವರದಿಗಾರನಾಗಿ ನಾನು ಕೂತ ಸಭೆಗಳಲ್ಲೆಲ್ಲ ಗುದ್ದಲಿ ಮುಟ್ಟದವರದೇ ಮಾತು ನಡೆದದ್ದನ್ನು ನೋಡಿದ್ದೆ. ಇಲ್ಲಿ ದುಡಿದವರಿಗೇ ಮಾತು ಎಂದಾಗ ನಂಬಿದೆ. ದಾಖಲೆ ಬರೆಯುವ ಕೆಲಸವನ್ನು ಕೇಳಿ ಪಡೆದುಕೊಂಡೆ.

ಆ ಹೊಂಗೆ ಮರದ ಕೆಳಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಇಸ್ತ್ರಿ ಗಾಡಿ ನಿಂತಿತ್ತು. ಅದರ ಒಡತಿಗೆ ಐವತ್ತು ದಾಟಿತ್ತು. ಬೀದಿಯಲ್ಲಿ ಎಲ್ಲರಿಗೂ ಆಕೆ 'ಇಸ್ತ್ರಿಯಮ್ಮ'. ಬೆಳಿಗ್ಗೆ ಪೆಟ್ಟಿಗೆಗೆ ಇದ್ದಿಲು ತುಂಬಿ ಬೆಂಕಿ ಮಾಡಿದರೆ ಸಂಜೆಯವರೆಗೆ ಅಲ್ಲೇ. ನಾವು ಭಾನುವಾರ ಎರಡು ಗಂಟೆ ಬೆವರು ಸುರಿಸಿ, ಫೋಟೊ ತೆಗೆದುಕೊಂಡು, ಕಾಫಿ ಕುಡಿದು ಹೋಗುತ್ತಿದ್ದೆವು. ಇಸ್ತ್ರಿಯಮ್ಮ ಏಳೂ ದಿನ ಇರುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ತರಗೆಲೆ ಗುಡಿಸಿ ಗೊಬ್ಬರದ ಜಾಲರಿ ಗೂಡಿಗೆ ತುಂಬುವುದು, ಗೊಬ್ಬರ ತಿರುವುವುದು, ಗಿಡಗಳಿಗೆ ನೀರು ಹಾಕುವುದು, ಕಸದ ಕವರು ಎಸೆದು ಓಡುವ ಸ್ಕೂಟರಿನವರನ್ನು ಬೈಯುವುದು. ಪೆಟ್ಟಿಗೆಯ ಬೂದಿಯನ್ನೂ ಹಿಡಿಹಿಡಿಯಾಗಿ ಗೊಬ್ಬರಕ್ಕೆ ಬೆರೆಸುತ್ತಿದ್ದರು.

ನಾವು ಗಲ್ಲಿಗೆ 'ಪುನರುಜ್ಜೀವನ' ಎಂದು ಬೋರ್ಡು ಹಾಕಿದಾಗ ಆಕೆ ನನ್ನನ್ನು ಕೇಳಿದರು. "ಅಂಗಂದ್ರೇನ್ ಸಾರ್?"

"ಸತ್ತು ಹೋಗಿದ್ದಕ್ಕೆ ಮತ್ತೆ ಜೀವ ಕೊಡೋದು."

"ಗುಡ್ಸೋದಕ್ಕೆ ಇಷ್ಟ್ ದೊಡ್ ಹೆಸ್ರಾ!" ಎಂದು ಪೆಟ್ಟಿಗೆಯ ಬಾಯಿಗೆ ಬೀಸಣಿಗೆಯಿಂದ ಗಾಳಿ ಹಾಕಿದರು.

ಆಕೆಯ ಬಳಿ ಇದ್ದದ್ದು ಬಟನ್ ಫೋನು. ಹೊಂಗೆ ಬಂದು ಬೀಳಲು ಸ್ಮಾರ್ಟ್‌ಫೋನಿನಲ್ಲಿ ಖಾತೆಯಿರಬೇಕು. ಏನು ಮಾಡುವುದು ಎಂದು ನಾನು ಸಭೆಯಲ್ಲಿ ಕೇಳಿದೆ. ಮೂಲೆ ಮನೆಯ ಯಜಮಾನರು ತಕ್ಷಣ, "ನನ್ನ ಫೋನಿಗೇ ಹಾಕಿ ಸ್ವಾಮಿ. ಗಾಡಿ ಇರೋದು ನನ್ನ ಗೋಡೆ ಪಕ್ಕ ತಾನೆ?" ಎಂದರು. ಉದಾರವಾಗಿ ಕಂಡಿತು. ಪ್ರತಿ ನಮೂದಿಗೂ ಟಿಪ್ಪಣಿಯ ಜಾಗವಿತ್ತು. ಅಲ್ಲಿ ನಾನು ಪ್ರತಿ ಸಲವೂ 'ಇಸ್ತ್ರಿಯಮ್ಮನ ಪರವಾಗಿ' ಎಂದು ಬರೆದೆ. ಇಬ್ಬರು ಸಾಕ್ಷಿಗಳು ತಮ್ಮ ಫೋನಿನಲ್ಲಿ ಗುಂಡಿ ಒತ್ತಿದರೆ ನಮೂದು ಸ್ಥಿರವಾಗುತ್ತಿತ್ತು. ಒಂದು ಸಾಕ್ಷಿ ನಾನು, ಇನ್ನೊಂದು ಸಾಫ್ಟ್‌ವೇರಿನ ಹೆಂಗಸು.

"ಕಂಪ್ಯೂಟ್ರಲ್ಲಿ ನನ್ ಹೆಸ್ರು ಬರ್ತದಾ ಸಾರ್?"

"ಬರತ್ತಮ್ಮ," ಎಂದೆ.

ಒಂದು ವರ್ಷದೊಳಗೆ ಗಲ್ಲಿಯ ಗುರುತು ಸಿಗದಂತಾಯಿತು. ನೀರು ನಿಲ್ಲುವುದು ನಿಂತಿತು. ಗೋಡೆಯುದ್ದಕ್ಕೂ ದಾಸವಾಳ, ಒಂದೆಲಗ, ಎರಡು ಕರಿಬೇವು. ಶೇಷಾದ್ರಿಪುರದಿಂದ, ಚಾಮರಾಜಪೇಟೆಯಿಂದ ಜನ ನೋಡಲು ಬಂದು, ತಮ್ಮ ಬೀದಿಗೂ ಇದೇ ಪದ್ಧತಿ ಬೇಕೆಂದರು. ಗುಂಪು ಬೆಳೆಯಿತು. ಬಂದವರಿಗೆ ಪರದೆಯ ಮೇಲೆ ನಮ್ಮ ಗಲ್ಲಿಯ ಚಿತ್ರಗಳನ್ನು ತೋರಿಸುವಾಗ ಗೊಬ್ಬರ ಹಿಡಿದ ಎರಡು ಕೈಗಳ ಫೋಟೊ ಮೊದಲು ಬರುತ್ತಿತ್ತು. ಇಸ್ತ್ರಿಯಮ್ಮನ ಕೈಗಳು. ಮುಖ ಇರಲಿಲ್ಲ.

ಆಮೇಲೆ ಒಂದು ಪ್ರಸ್ತಾಪ ಬಂತು. ಗಲ್ಲಿಯ ಬಾಯಿಗೆ ಕಲ್ಲು ಹಾಸುವುದು, ಕಬ್ಬಿಣದ ಗೇಟು ಇಡುವುದು, ಇಡೀ ಗಲ್ಲಿಯನ್ನು 'ಹೊಗೆಮುಕ್ತ' ಎಂದು ಘೋಷಿಸುವುದು. ಇಸ್ತ್ರಿ ಗಾಡಿ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ ಆ ಗಲ್ಲಿಯಲ್ಲಿ ಹೊಗೆ ಏಳುತ್ತಿದ್ದದ್ದು ಒಂದೇ ಕಡೆ. ಪ್ರಸ್ತಾಪ ಗೆದ್ದರೆ ಗಾಡಿ ಹೋಗಬೇಕು. ಮತ ಹಾಕಲು ಫೋನಿನಲ್ಲಿ ಎರಡು ಗುಂಡಿಗಳಿದ್ದವು: ಪರ, ವಿರೋಧ. ನಾನು ವಿರೋಧ ಒತ್ತಿದೆ. ಸೋಲುತ್ತದೆ ಎಂದೇ ತಿಳಿದಿದ್ದೆ.

ಗೆದ್ದಿತು. ಅಂತರ ಮೂವತ್ತೊಂದು ಹೊಂಗೆ.

ಸೋಮವಾರ ಬೆಳಿಗ್ಗೆ ದಾಖಲೆ ತೆರೆದು ಮೊದಲಿಂದ ಓದಿದೆ. ಇಡೀ ಗಲ್ಲಿಯಲ್ಲಿ ಅತಿ ಹೆಚ್ಚು ದುಡಿದವರು, ದಾಖಲೆಯ ಪ್ರಕಾರ, ಮೂಲೆ ಮನೆಯ ಯಜಮಾನರು. ಅವರು ಗುದ್ದಲಿ ಹಿಡಿದದ್ದನ್ನು ನಾನು ನೋಡಿದ್ದು ಒಂದೇ ಸಲ, ಫೋಟೊಗಾಗಿ. ಅವರ ಹೊಂಗೆಗಳಲ್ಲಿ ನೂರ ಎಂಬತ್ತಾರರ ಮುಂದೆ ನನ್ನದೇ ಟಿಪ್ಪಣಿ. ಆ ನೂರ ಎಂಬತ್ತಾರೂ 'ಪರ' ಎಂದಿದ್ದವು. ಮತ ಎಣಿಸುವ ಯಂತ್ರ ಟಿಪ್ಪಣಿ ಓದುವುದಿಲ್ಲ. ಯಾವ ಫೋನು, ಎಷ್ಟು ಗಂಟೆ, ಅಷ್ಟೇ. ಇದನ್ನು ನಾನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಬೇಕಿತ್ತು. ಕೇಳಿರಲಿಲ್ಲ.

ನಾನು ಹೋದಾಗ ಯಜಮಾನರು ಅಂಗಡಿಗೆ ಹೊರಟು ತಮ್ಮ ಮನೆಯ ಗೇಟಿನ ಬಳಿ ನಿಂತಿದ್ದರು.

"ಆ ಗಂಟೆಗಳು ನಿಮ್ಮದಲ್ಲ," ಎಂದೆ.

"ನನ್ನದು ಅಂತ ನಾನೆಲ್ಲಿ ಅಂದೆ ಸ್ವಾಮಿ? ನನ್ನ ಫೋನಿಗೆ ಹಾಕಿದ್ದು ನೀವು. ಸಾಕ್ಷಿ ಒತ್ತಿದ್ದೂ ನೀವೇ."

"ಆಕೆಯ ಪರವಾಗಿ ಅಂತ ಬರೆದಿದೀನಿ."

"ನಾನೂ ಪರವಾಗೇ ಒತ್ತಿದೀನಲ್ಲ!" ಎಂದು ನಕ್ಕರು. ಆಮೇಲೆ ನಗು ಬಿಟ್ಟು, "ಮೊಮ್ಮಗಳಿಗೆ ಉಬ್ಬಸ ಇದೆ ಸ್ವಾಮಿ. ಆ ಹೊಗೆ ನೇರ ನಮ್ಮ ಕಿಟಕಿಗೇ ಬರತ್ತೆ. ನಿಮ್ಮ ಮನೆಗೆ ಬಂದಿದ್ರೆ ಗೊತ್ತಾಗ್ತಿತ್ತು," ಎಂದರು.

ಮಗುವಿಗೆ ಉಬ್ಬಸ ಇದ್ದದ್ದು ನಿಜ. ಅವರ ಹಿಂಗೋಡೆಯ ಮೇಲೆ, ಗಾಡಿಯ ನೇರಕ್ಕೆ, ಕಾರು ಹೋಗುವಷ್ಟು ಅಗಲದ ಗೇಟಿಗೆಂದು ಸುಣ್ಣದಲ್ಲಿ ಗುರುತು ಹಾಕಿದ್ದೂ ನಿಜ. ಎರಡನ್ನೂ ದಾಖಲಿಸುತ್ತಿದ್ದೇನೆ.

ಅಲ್ಲಿಂದ ನೇರವಾಗಿ ಮಹಡಿ ಮನೆಗೆ ಹೋದೆ. ಆಕೆ ಲ್ಯಾಪ್‌ಟಾಪ್ ಮುಂದೆ ಉಪ್ಪಿಟ್ಟು ತಿನ್ನುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ತಟ್ಟೆ ಪಕ್ಕಕ್ಕಿಟ್ಟರು.

"ಅಂಕಲ್, ಚೈನ್ ತಿದ್ದೋಕಾಗಲ್ಲ. ಅದರ ಗುಣಾನೇ ಅದು."

"ಅಚ್ಚಾದ ಪೇಪರ್ರೂ ತಿದ್ದೋಕಾಗಲ್ಲಮ್ಮ. ಮಾರನೇ ದಿನ ತಿದ್ದುಪಡಿ ಹಾಕ್ತೀವಿ."

"ಅದನ್ನ ಮಾಡಬಹುದು. ಹೊಸ ಪ್ರಸ್ತಾಪ ತನ್ನಿ. ಅದಕ್ಕೂ ಮತ ಆಗ್ಬೇಕು."

"ಇದೇ ಹೊಂಗೆಗಳ ಮೇಲಾ?"

ಆಕೆ ಲ್ಯಾಪ್‌ಟಾಪ್ ಮುಚ್ಚಿದರು. "ಹೌದು," ಎಂದರು. ಆಮೇಲೆ, "ಮುಂದಿನ ವಾರ ಬಸವನಗುಡಿ ಗುಂಪಿನವರು ನೋಡೋಕೆ ಬರ್ತಿದಾರೆ ಅಂಕಲ್. ಅವರಿಗೆ ನಂಬಿಕೆ ಬರೋದೇ ಯಾರೂ ಮುಟ್ಟೋಕಾಗಲ್ಲ ಅನ್ನೋದರ ಮೇಲೆ. ಈಗ ಇದನ್ನ ಎತ್ತಿದ್ರೆ..."

ಕೆಟ್ಟವರಲ್ಲ ಆಕೆ. ಮಳೆಯಲ್ಲಿ ನೆನೆದು ಇಂಗುಗುಂಡಿ ತೋಡಿದವರು. ಆದರೆ 'ಈಗ ಇದನ್ನ ಎತ್ತಿದ್ರೆ' ಎಂಬ ಮಾತನ್ನು ನಾನು ಬಹಳ ಕಚೇರಿಗಳಲ್ಲಿ ಕೇಳಿದ್ದೇನೆ. ಎಲ್ಲ ಕಡೆಯೂ ಅದನ್ನು ಹೇಳಿದವರು ಒಳ್ಳೆಯವರೇ ಆಗಿದ್ದರು.

ಆ ನೂರ ಎಂಬತ್ತಾರನ್ನು ಇಸ್ತ್ರಿಯಮ್ಮನ ಲೆಕ್ಕಕ್ಕೆ ಬರೆದು ಮತ್ತೆ ಮತ ಎಣಿಸಬೇಕೆಂದು ಪ್ರಸ್ತಾಪ ತಂದೆ. ಭಾನುವಾರದ ಸಭೆಯಲ್ಲಿ ನಿಂತು ನನ್ನ ಟಿಪ್ಪಣಿಗಳನ್ನು ದಿನಾಂಕದ ಸಮೇತ ಓದಿದೆ. ಯಾವ ದಿನ ಎಲೆ, ಯಾವ ದಿನ ನೀರು, ಯಾವ ದಿನ ಗೊಬ್ಬರ. ಮಾತು ಕೇಳಿಸದಷ್ಟು ದೂರದಲ್ಲಿ, ಗಲ್ಲಿಯ ಬಾಯಲ್ಲಿ, ಇಸ್ತ್ರಿಯಮ್ಮ ಯಾರದೋ ಸೀರೆಯ ನೆರಿಗೆ ಬಿಡಿಸುತ್ತಿದ್ದರು. ನಮ್ಮ ಸಭೆಗಳಿಗೆ ಆಕೆಯನ್ನು ಯಾರೂ ಕರೆದಿರಲಿಲ್ಲ, ಅಂದು ನಾನೂ ಕರೆಯಲಿಲ್ಲ. ಸೋತರೆ ಆಕೆಯ ಎದುರಿಗೇ ಸೋಲುವುದು ಬೇಡ ಎಂದುಕೊಂಡೆ. ಓದುತ್ತಿದ್ದಾಗ ಒಬ್ಬೊಬ್ಬರಾಗಿ ಫೋನಿನ ಕಡೆ ಮುಖ ತಿರುಗಿಸಿದರು. ಶೇಷಾದ್ರಿಪುರದಿಂದ ಬರುತ್ತಿದ್ದ ಕಾಲೇಜು ಮೇಷ್ಟ್ರೊಬ್ಬರು, "ಸೆಂಟಿಮೆಂಟ್ ಅರ್ಥ ಆಗತ್ತೆ ಸರ್. ಆದ್ರೆ ಪ್ರೊಸೆಸ್ ಅಂತ ಒಂದಿದೆ," ಎಂದರು.

ಸೆಂಟಿಮೆಂಟ್! ನಾನು ಓದಿದ್ದು ದಿನಾಂಕ, ಗಂಟೆ, ಕೆಲಸ. ವಿಶೇಷಣ ಒಂದೂ ಇರಲಿಲ್ಲ. ಆಕೆಯ ಕೆಲಸ ಮೂಲೆ ಮನೆಯ ಫೋನಿನಲ್ಲಿದ್ದಾಗ ಅದು ದತ್ತಾಂಶ, ಆಕೆಯ ಹೆಸರಿನಲ್ಲಿ ಓದಿದಾಗ ಸೆಂಟಿಮೆಂಟ್. ಕಾಗದ ಮಡಚಿ ಜೇಬಿಗಿಟ್ಟುಕೊಂಡೆ, ಧ್ವನಿ ಏರಿಸಲಿಲ್ಲ. ಏರಿಸಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅದೇ ನೂರ ಎಂಬತ್ತಾರು ಈ ಸಲ 'ವಿರೋಧ' ಎಂದವು. ನನ್ನ ತಿದ್ದುಪಡಿ ಬಿದ್ದುಹೋಯಿತು.

ಆಕೆಗೆ ಯಾರಾದರೂ ಹೇಳಬೇಕಿತ್ತು. ಮರುದಿನ ಬೆಳಿಗ್ಗೆ ನಾನೇ ಹೋದೆ. ಅಂಗಿಯೊಂದಕ್ಕೆ ನೀರು ಚಿಮುಕಿಸುತ್ತಿದ್ದ ಇಸ್ತ್ರಿಯಮ್ಮ ತಲೆ ಎತ್ತಿದರು.

"ಏನ್ ಸಾರ್, ಸಪ್ಪಗಿದೀರ. ಮನೇಲಿ ಕಾಫಿ ಕೊಡ್ಲಿಲ್ವಾ?"

ನಡೆದದ್ದನ್ನೆಲ್ಲ ಹೇಳಿದೆ. ಫೋನು, ಹೊಂಗೆ, ನಾನು ಬರೆದದ್ದು, ಎರಡು ಸಲದ ಮತ. ಆಕೆ ಕಾಲರಿನ ಮೇಲೆ ಪೆಟ್ಟಿಗೆ ಎಳೆದು, ಅಂಗಿ ತಿರುಗಿಸಿ, ತೋಳಿನ ಮೇಲೆ ಎಳೆದರು.

"ಅಂದ್ರೆ ನಾನ್ ಗುಡಿಸ್ದೇ ಸುಮ್ನೆ ಕೂತಿದ್ರೆ ಗಾಡಿ ಇಲ್ಲೇ ಇರ್ತಿತ್ತಾ?"

ಇದಕ್ಕೆ ಇರುವುದು ಒಂದೇ ಉತ್ತರ. "ಹೌದಮ್ಮ," ಎಂದೆ.

"ಇಷ್ಟ್ ವರ್ಷ ಕಸದ ಮಧ್ಯೆ ಇದ್ದೆ ಸಾರ್, ಏಳು ಅಂತ ಒಬ್ರೂ ಅನ್ಲಿಲ್ಲ. ಕಿಲೀನ್ ಆದ್ಮೇಲೆ ಏಳು ಅಂತೀರ." ಆಕೆ 'ಅಂತಾರೆ' ಎನ್ನಲಿಲ್ಲ, 'ಅಂತೀರ' ಎಂದರು. ನಾನು ಸರಿಪಡಿಸಲು ಹೋಗಲಿಲ್ಲ.

ನಮ್ಮ ಕಾಂಪೌಂಡಿನೊಳಗೆ ಗಾಡಿ ಇಟ್ಟುಕೊಳ್ಳಿ ಎಂದೆ. "ಒಳಗಿಟ್ರೆ ಗಿರಾಕಿ ಕಣ್ಣಿಗೆ ಬೀಳ್ತದಾ? ಆಮೇಲೆ ನಿಮ್ಮನೆಗೂ ಹೊಗೆ ಬತ್ತದೆ, ನೀವೂ ಏನೋ ಒತ್ತೀರ," ಎಂದರು. ಅಂಗಿ ಮಡಚಿ ಗಂಟಿನ ಮೇಲಿಟ್ಟು ಇನ್ನೊಂದನ್ನು ಹರಡಿಕೊಂಡರು.

ಗಾಡಿ ಹೊರಟ ದಿನ ನಮ್ಮ ಗುಂಪಿನ ಆರೇಳು ಜನ ಸಹಾಯಕ್ಕೆಂದು ಬಂದಿದ್ದರು. ಸಹಾಯ ಎಂಬುದು ಅವರ ಮಾತು. ಮೇಷ್ಟ್ರು ಫೋನು ತೆಗೆದು ನನ್ನ ಹತ್ತಿರ ಬಂದು, "ಸರ್, ಶಿಫ್ಟಿಂಗ್‌ನೂ ವಾಲಂಟಿಯರ್ ಅವರ್ಸ್‌ಗೆ ಹಾಕ್ಬಹುದಲ್ವಾ? ಗಲ್ಲಿ ಕೆಲಸ ತಾನೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ತಮಾಷೆಯಲ್ಲ, ನಿಜವಾಗಿ ಕೇಳುತ್ತಿದ್ದರು. ಗಾಡಿಯಿಂದ ಕೈ ತೆಗೆಯಿರಿ ಎಂದೆ. ಅವರಿಗೆ ಕೇಳಿಸಲಿಲ್ಲವೇನೋ. ಎರಡನೇ ಸಲ ಇಡೀ ಬೀದಿಗೆ ಕೇಳುವಂತೆ ಹೇಳಿದೆ. ಎಲ್ಲರೂ ಕೈ ತೆಗೆದರು. ಮಹಡಿಯ ಮೇಲಿಂದ ಸಾಫ್ಟ್‌ವೇರಿನ ಹೆಂಗಸು ನೋಡುತ್ತಿದ್ದರು, ಇಳಿದು ಬರಲಿಲ್ಲ.

ಇಸ್ತ್ರಿಯಮ್ಮ ಮುಂದೆ, ನಾನು ಹಿಂದೆ. ಎರಡು ತಿರುವು ಆಚೆ, ಬಾಗಿಲು ಹಾಕಿದ ಪ್ರಿಂಟಿಂಗ್ ಪ್ರೆಸ್ಸೊಂದರ ಮುಂದೆ ಆಕೆ ಜಾಗ ನೋಡಿಟ್ಟಿದ್ದರು. ಮರವಿಲ್ಲ, ಆಗಲೇ ಬಿಸಿಲು ಬಿದ್ದಿತ್ತು. ರಸ್ತೆ ಇಳಿಜಾರು, ಗಾಡಿ ನಿಲ್ಲುತ್ತಿರಲಿಲ್ಲ. ಕಲ್ಲು ಹುಡುಕಿ ತಂದು ಚಕ್ರಕ್ಕೆ ಕೊಟ್ಟೆ. ಸಾಲಲಿಲ್ಲ. ಇನ್ನೊಂದು ತಂದೆ. ಆಕೆ ಪ್ರೆಸ್ಸಿನ ಕಿಟಕಿಯ ಸರಳಿಗೆ ಟಾರ್ಪಾಲಿನ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಎಳೆಯುತ್ತಿದ್ದರು. ಹಗ್ಗ ಹಿಡಿಯಲು ಹೋದೆ.

"ಬಿಡಿ ಸಾರ್, ಆಯ್ತು. ನೀವ್ ಹೋಗಿ," ಎಂದರು. "ಗಿರಾಕಿ ಬರೋ ಹೊತ್ತು. ನೀವಿಲ್ಲಿ ನಿಂತ್ರೆ ಗಾಡಿ ಕಾಣಲ್ಲ."

ಪಕ್ಕಕ್ಕೆ ಸರಿದೆ. ಅದೂ ಅಡ್ಡವೇ ಆಗಿರಬೇಕು, ಆಕೆ ಇನ್ನೂ ನನ್ನನ್ನೇ ನೋಡುತ್ತಿದ್ದರು. ರಸ್ತೆ ದಾಟಿ ಮನೆಯ ಕಡೆ ನಡೆದೆ.