ಕಾಕಿಯ ಕಾರ್ಡಿನ ಶಿಕ್ಕಾ

ನೀಲಾ, ನಿಮ್ಮ ಮನೆಗೆ ಬರುತ್ತಿದ್ದ ಚಿಮಣಿ ಎಣ್ಣೆಯನ್ನು ನಿಲ್ಲಿಸಿದ್ದು ಸರ್ಕಾರವಲ್ಲ. ನಾನು.

ಕಾಕಿ ಸಾಯುವತನಕ ತಹಸೀಲ ಕಚೇರಿಯನ್ನು ಬೈಯುತ್ತಿದ್ದಳು. ನೀನು ಈಗಲೂ ಬೈಯುತ್ತೀ. ನಾನೂ ನಿಮ್ಮ ಜೊತೆ ಕೂತು ಬೈದಿದ್ದೇನೆ — ನಿಮಗಿಂತ ಚೆನ್ನಾಗಿ, ಕಲಿತವನ ಭಾಷೆಯಲ್ಲಿ. ಈ ವಿಷಯದಲ್ಲಿ ಆ ಕಚೇರಿಯ ತಪ್ಪೇನೂ ಇಲ್ಲ. ನಮ್ಮ ಕಾಗದ ಅಲ್ಲಿಗೆ ಹೋಗಲೇ ಇಲ್ಲ.

ಇದನ್ನು ಮೊದಲು ಮರಾಠಿಯಲ್ಲಿ ಬರೆಯಲು ಕೂತೆ. ಕೆಲಸದ ಭಾಷೆ ಅದೇ, ಕೈಗೆ ಸಲೀಸು. ಆದರೆ ಮರಾಠಿಯಲ್ಲಿ ನನ್ನ ಸುಳ್ಳು ಬಹಳ ಚಂದ ಕಾಣುತ್ತದೆ. ನಿನಗೂ ನನಗೂ ಮೊದಲ ಅಕ್ಷರ ಬಂದದ್ದು ಊರಿನ ಕನ್ನಡ ಶಾಲೆಯಲ್ಲಿ. ಅದಕ್ಕೇ ಕನ್ನಡ.

ನಿನಗೆ ಗೊತ್ತಿದ್ದದ್ದನ್ನೂ ಹೇಳುತ್ತೇನೆ, ಇದು ಅಚ್ಚಾದ ಮೇಲೆ ಬೇರೆಯವರೂ ಓದುವವರಿದ್ದಾರೆ. ನಮ್ಮದು ಮರಾಠಿ ರಾಜ್ಯಕ್ಕೆ ಸೇರಿದ, ಗಡಿಯ ಉಮರ್ಗಾ ತಾಲೂಕಿನ ಹಳ್ಳಿ. ಭೂಕಂಪದಲ್ಲಿ ನನ್ನ ಅಪ್ಪ, ಅವ್ವ, ನಿನ್ನ ಅಪ್ಪ — ಮೂವರೂ ಒಂದೇ ಗೋಡೆಯ ಕೆಳಗೆ ಹೋದರು. ಉಳಿದದ್ದು ನಿನ್ನ ಅವ್ವ, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಕಾಕಿ. ಆರು ವರ್ಷದ ನೀನು. ಉಮರ್ಗಾದ ಹಾಸ್ಟೆಲಿನಲ್ಲಿದ್ದ ನಾನು. ಸರ್ಕಾರ ಹಾಕಿಕೊಟ್ಟ ತಗಡಿನ ಪತ್ರಾ ಶೆಡ್ಡಿನಲ್ಲಿ ಇದ್ದಾಗ ಹೊಸ ರೇಶನ್ ಕಾರ್ಡು ಬಂತು. ಅದರಲ್ಲಿ ಮೂರೇ ಹೆಸರು.

ಮುಂದೆ ಸಿಮೆಂಟಿನ ಮನೆ ಕೊಟ್ಟರು. ಮೈಮೇಲೆ ಬೀಳಲು ಕಲ್ಲಿಲ್ಲ ಅಂತ ಕಾಕಿಗೆ ಆ ಮನೆ ಸೇರಿತ್ತು. ಆದರೆ ಹಳೆಯ ಮಾಳಿಗೆ ಮನೆಗೆ ಇದ್ದ ಹೊಗೆಕಿಂಡಿ ಇಲ್ಲಿರಲಿಲ್ಲ. ಒಲೆ ಹಚ್ಚಿದರೆ ಹೊಗೆ ಮನೆಯಲ್ಲೇ ಸುತ್ತುತ್ತಿತ್ತು. ಅದಕ್ಕೇ ಸ್ಟೋವ್. ರೇಶನ್ನಿನ ನೀಲಿ ಸೀಮೆಎಣ್ಣೆ ಹಾಕಿ, ಪಂಪು ಹೊಡೆದು, ಕಾಕಿ ಅರ್ಧ ತಾಸಿನಲ್ಲಿ ಅಡುಗೆ ಮುಗಿಸಿ ಕೂಲಿಗೆ ಹೋಗುತ್ತಿದ್ದಳು, ನೀನು ಶಾಲೆಗೆ. ನನ್ನ ಡಬ್ಬಿ ಬೆಳಗಿನ ಎಸ್‌ಟಿ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ, ಉಮರ್ಗಾಕ್ಕೆ ಬರುತ್ತಿತ್ತು. ಆ ಡಬ್ಬಿ ಉಂಡು ಬಿ.ಎ. ಮಾಡಿದೆ, ಎಂ.ಎ. ಮಾಡಿದೆ. ಅರ್ಥಶಾಸ್ತ್ರ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವನು ನಾನೇ ಮೊದಲಿಗ. ಅದರ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ.

ಉಮರ್ಗಾದಲ್ಲೇ ಖಾಸಗಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಬಾಡಿಗೆ ಮನೆ ಹಿಡಿದೆ. ಉದಗೀರದ ಕಿರಾಣಿ ವ್ಯಾಪಾರಿಗಳ ಮನೆಯಿಂದ ಸುನಂದಾಳ ಸಂಬಂಧ ಬಂತು. ಮಾತುಕತೆಗೆ ಕೂತಾಗ ಆಕೆಯ ತಂದೆ ಕೇಳಿದರು: "ಪ್ರೊಫೆಸರ್ ಸಾಹೇಬ್ರ, ಮನ್ಯಾಗ ಗ್ಯಾಸ್ ಅದ ಅಲ್ಲರಿ? ನಮ್ಮ ಹುಡಗಿಗಿ ಹೊಗಿ ತಡ್ಯಾಂಗಿಲ್ಲ."

"ಅದರಿ" ಅಂದೆ. ಇರಲಿಲ್ಲ.

ಗ್ಯಾಸಿಗೆ ರೇಶನ್ ಕಾರ್ಡು ಬೇಕು. ನನ್ನ ಹೆಸರು ಕಾಕಿಯ ಕಾರ್ಡಿನಲ್ಲಿತ್ತು. ಅದನ್ನು ತೆಗೆಸಿ ನನ್ನದೇ ಬೇರೆ ಕಾರ್ಡು ಮಾಡಿಸಬೇಕಿತ್ತು — ಎರಡು ದಿನ ರಜೆ ಹಾಕಿ ಅಡ್ಡಾಡಬೇಕು, ಒಂದೆರಡು ತಿಂಗಳು ಕಾಯಬೇಕು. ಅಷ್ಟೇ. ಮದುವೆಗೆ ಮೂರು ವಾರ ಉಳಿದಿತ್ತು. ಊರಿಗೆ ಹೋಗಿ, ಕಾಲೇಜಿನಲ್ಲಿ ವಿಳಾಸದ ಪುರಾವೆ ಕೇಳಿದ್ದಾರೆ ಅಂತ ಹೇಳಿದೆ. ಕಾಕಿ ಕಾರ್ಡನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಗ್ಯಾಸ್ ಏಜೆನ್ಸಿಯಲ್ಲಿ ಅದರ ಮೇಲೆ ಮರಾಠಿ ಶಿಕ್ಕಾ, ಅಂದರೆ ಮೊಹರು, ಒತ್ತಿದರು: ಈ ಕುಟುಂಬಕ್ಕೆ ಗ್ಯಾಸ್ ಇದೆ.

ಗ್ಯಾಸ್ ಇದ್ದವರಿಗೆ ಚಿಮಣಿ ಎಣ್ಣೆ ಇಲ್ಲ — ಈ ನಿಯಮ ನನಗೆ ಗೊತ್ತಿತ್ತು. ತರಗತಿಯಲ್ಲಿ ಹೇಳಿಕೊಟ್ಟಿದ್ದೆ. ಅಂಗಡಿಯವನು ನೋಡಲಿಕ್ಕಿಲ್ಲ ಅಂದುಕೊಂಡೆ. ಇಲ್ಲ, ಅಂದುಕೊಂಡೆ ಅನ್ನುವುದೂ ಸುಳ್ಳು. ಆ ಬಗ್ಗೆ ವಿಚಾರವನ್ನೇ ಮಾಡಬಾರದು ಅಂತ ಗಟ್ಟಿ ಮಾಡಿಕೊಂಡೆ.

ಕಾರ್ಡನ್ನು ಕಾಕಿಗೆ ವಾಪಸು ಕೊಟ್ಟೆ, ಮದುವೆಯೂ ಆಯಿತು. ರೇಶನ್ ಅಂಗಡಿಯವನು ನೋಡಿದ. ಕಾಕಿ ಡಬ್ಬಾ ಹಿಡಿದು ಪಾಳಿಯಲ್ಲಿ ನಿಂತಾಗ ಎಲ್ಲರ ಎದುರು ಅಂದನಂತೆ: "ಏನ್ ಮಾವಶಿ, ಗ್ಯಾಸಿನ ಮ್ಯಾಲ ಪುರಿ ಕರಕೊಂಡು ತಿಂತೀರಿ, ಮತ್ತ ನಮ್ಮ ಎಣ್ಣಿನೂ ಬೇಕೇನ್ರಿ?" ಪಾಳಿಗೆ ಪಾಳಿಯೇ ನಕ್ಕಿತಂತೆ.

ಮರುದಿನ ಆಕೆ ಉಮರ್ಗಾಕ್ಕೆ ಬಂದಳು. ಬಾಗಿಲಲ್ಲಿ ಧ್ವನಿ ಕೇಳಿದ ಕೂಡಲೇ ನಾನು ಅಡುಗೆಯ ಮೂಲೆಯ ಪರದೆ ಎಳೆದೆ. ಅದರ ಹಿಂದೆ ಹೊಸ ಸಿಲಿಂಡರು.

"ಶಿವ್ಯಾ, ನೀ ಕಲತಾಂವ, ಓದಿ ನೋಡು. ಇದರಾಗ ಏನ್ ಬರದಾರ? ನಾ ಗ್ಯಾಸಿನ ಮಾರಿ ಸೈತ ನೋಡಿಲ್ಲ. ನನಗ ಲಬಾಡಿ ಅಂದಾನ ಅಂವಾ, ನಾಕ್ ಮಂದ್ಯಾಗ."

ಸುನಂದಾ ಪರದೆಯ ಹಿಂದಿನಿಂದ ಚಹಾ ತಂದಳು. ಕಾಕಿ ಬಟ್ಟಲು ತಗೊಂಡು, ಅಳುವುದನ್ನು ಬಿಟ್ಟು ನಕ್ಕಳು: "ಅಯ್ಯ, ಇಷ್ಟ್ ಲಗೂ ಆಯ್ತೇನವ್ವಾ? ಸ್ಟೋವಿನ ಸಪ್ಪಳನೇ ಕೇಳಲಿಲ್ಲ!"

ಸುನಂದಾ ನನ್ನ ಮುಖ ನೋಡಿದಳು. ಇಲ್ಲಿ — ಇಲ್ಲಿಯೇ ಹೇಳಬಹುದಿತ್ತು, ನೀಲಾ. ಕಾಕಿ ಬೈಯುತ್ತಿದ್ದಳು, ಒಂದು ಏಟೂ ಹಾಕುತ್ತಿದ್ದಳೇನೋ, ಆಮೇಲೆ ಚಹಾ ಕುಡಿಯುತ್ತಿದ್ದಳು. ನಾನು ಅಂದೆ:

"ಶಿಕ್ಕಾ ತಪ್ಪಿ ಬಿದ್ದದ ಕಾಕಿ. ಯಾರದೋ ಕಾರ್ಡಿಗಿ ಹೊಡಿಯೂದು ನಿನ್ನದಕ್ಕ ಹೊಡದಾರ. ನಾ ತಹಸೀಲಿಗಿ ಅರ್ಜಿ ಬರದು ಕೊಡ್ತೀನಿ, ಆಗ್ತದ."

ಬರೆದೆ. ಆಕೆಯ ಎದುರಿಗೇ ಬರೆದೆ. ಭೂಕಂಪದಲ್ಲಿ ಗಂಡನನ್ನು ಕಳೆದುಕೊಂಡವಳು, ಕೂಲಿ ಮಾಡುವವಳು, ಓದುವ ಮಗಳಿರುವವಳು... ಜನ್ಮದಲ್ಲಿ ಅಷ್ಟು ಒಳ್ಳೆಯ ಮರಾಠಿ ನಾನು ಬರೆದಿಲ್ಲ. ಗಟ್ಟಿಯಾಗಿ ಓದಿ ಹೇಳಿದೆ. ಆಕೆಗೆ ಅರ್ಧ ತಿಳಿಯಿತು, ಅಷ್ಟಕ್ಕೇ ಕಣ್ಣೊರೆಸಿಕೊಂಡಳು. ಹೆಬ್ಬೆಟ್ಟು ಒತ್ತಿದಳು.

ಆ ಅರ್ಜಿಯನ್ನು ನಾನು ಕೊಡಲಿಲ್ಲ. ಕೊಟ್ಟಿದ್ದರೆ ಗ್ಯಾಸ್ ಯಾರ ಮನೆಯಲ್ಲಿದೆ ಅಂತ ವಿಚಾರಿಸುತ್ತಿದ್ದರು. ಎರಡು ದಿನ ಪುಸ್ತಕದ ನಡುವೆ ಇಟ್ಟೆ. ಮೂರನೆಯ ದಿನ ಹರಿದೆ.

ಕಾಕಿ ಮಾತ್ರ ಪ್ರತಿ ತಿಂಗಳೂ ಖಾಲಿ ಡಬ್ಬಾ ಹಿಡಿದು ಹೋಗಿ, ಖಾಲಿ ಡಬ್ಬಾ ತರುತ್ತಿದ್ದಳು. "ನಮ್ಮ ಶಿವ್ಯಾ ಅರ್ಜಿ ಕೊಟ್ಟಾನ. ಡಿಗ್ರಿ ಆಗ್ಯಾನ ಅಂವಾ, ನೋಡ್ತಿರು ನೀ" ಅಂತ ಅಂಗಡಿಯವನಿಗೆ ಹೇಳಿ ಬರುತ್ತಿದ್ದಳಂತೆ. ನನ್ನನ್ನು ಕೇಳಿದರೆ ನಾನು — ಸಾಹೇಬರು ರಜಾದ ಮ್ಯಾಲ ಅದಾರ, ಫೈಲು ಮ್ಯಾಲಿನ ಆಫೀಸಿಗಿ ಹೋಗ್ಯದ. ಹೊಸ ಹೊಸ ಸುಳ್ಳು ಬೇಕಾಗಲೇ ಇಲ್ಲ. ಅವೇ ಎರಡು ಸಾಕಾದವು.

ಸುನಂದಾ ಅಂದಳು, ಒಂದಲ್ಲ ಎರಡು ಸಲ: "ಗ್ಯಾಸ್ ವಾಪಸ್ ಕೊಟ್ಟ್ ಬಿಡ್ರಿ. ನಾ ಒಲಿ ಮ್ಯಾಲ ಮಾಡ್ತೀನಿ, ಸಾಯಂಗಿಲ್ಲ." ಆಕೆಯ ಅಪ್ಪನಿಗೆ ಏನು ಹೇಳಲಿ ಅಂತ ನಾನೇ ಆಕೆಯ ಬಾಯಿ ಮುಚ್ಚಿಸಿದೆ.

ಹೊರಗಿನ ಎಣ್ಣೆಗೆ ರೇಶನ್ನಿನ ಮೂರು ಪಟ್ಟು ದರ. ದೀಪಕ್ಕೆಂದು ವಾರಕ್ಕೊಂದು ಬಾಟಲಿ ತರುವುದೇ ಕಾಕಿಯ ಕೂಲಿಗೆ ಭಾರ. ಸ್ಟೋವ್ ಮೂಲೆಗೆ ಹೋಯಿತು, ಅಂಗಳಕ್ಕೆ ಮೂರು ಕಲ್ಲು ಬಂದವು. ಮಳೆ ಬಂದರೆ ಆ ಕಿಂಡಿಯಿಲ್ಲದ ಮನೆಯೊಳಕ್ಕೆ. ಕಟ್ಟಿಗೆ ಆರಿಸಲು ಒಂದು ತಾಸು, ಒಲೆಯ ಮುಂದೆ ಒಂದೂವರೆ ತಾಸು. ಕಾಕಿ ಹೊಲಕ್ಕೆ ತಡ ಮಾಡಿದರೆ ಅವತ್ತಿನ ಕೂಲಿ ಇಲ್ಲ. ಹಾಗಾಗಿ ಆ ಎರಡೂವರೆ ತಾಸು ನಿನ್ನ ಪಾಲಿಗೆ ಬಂದವು. ನಿನ್ನ ಗುರುಗಳು ನನ್ನ ಕಾಲೇಜಿಗೇ ಬಂದು ಹೇಳಿದರು: "ಗಣಿತದಾಗ ಇಡೀ ವರ್ಗಕ್ಕ ಮುಂದಿದ್ದ ಹುಡಗಿರಿ. ಈಗ ಮೂರನೇ ತಾಸಿಗಿ ಬರ್ತಾಳ, ಬಂದು ತೂಕಡಸ್ತಾಳ." ದೀಪಾವಳಿ ಸೂಟಿಯ ನಂತರ ನೀನು ಹೋಗಲೇ ಇಲ್ಲ. ಒಂಬತ್ತನೇ ಇಯತ್ತೆ.

ಆಗ ನಾನು ಊರಿಗೆ ಬಂದೆ. ಬೈಯಲಿಕ್ಕೆ ಬಂದೆ. ನೀನು ಅಂಗಳದಲ್ಲಿ ತೊಗರಿ ಕಟ್ಟಿಗೆ ಮುರಿಯುತ್ತ ಕೂತಿದ್ದಿ.

"ಓದೂ ಮನಸ್ಸಿದ್ದಾವ್ರು ಹ್ಯಾಂಗರೆ ಓದ್ತಾರ. ನಾ ಓದಿಲ್ಲೇನು?"

ನೀನು ತಲೆ ಎತ್ತಲಿಲ್ಲ. "ನಿನ್ನ ಡಬ್ಬಿ ಎಸ್‌ಟಿದಾಗ ಬರ್ತಿತ್ತು, ಅಣ್ಣಾ. ನಂದು ಯಾರ್ ಮಾಡಿ ಕಳಸ್ತಾರ?"

ಅಣ್ಣನಿಗೆ ಎದುರಾಡುತ್ತೀ ಅಂತ ಕಾಕಿ ನಿನ್ನ ಬೆನ್ನಿಗೆ ಗುದ್ದಿದಳು. ನಾನು ಬಿಡಿಸಲಿಲ್ಲ. ಕೈಕಟ್ಟಿ ನಿಂತಿದ್ದೆ — ಗುರುವಿನ ಹಾಗೆ.

ಮೂರು ವರ್ಷದ ಮೇಲೆ ಉಮರ್ಗಾದಲ್ಲಿ ಸ್ವಂತ ಮನೆ ಮಾಡಿದೆ. ಆಗ ಬೇರೆ ಕಾರ್ಡು ಬೇಕೇ ಆಯಿತು. ಎರಡು ದಿನ ರಜೆ ಹಾಕಿದೆ. ನನ್ನ ಹೆಸರು ನಿಮ್ಮ ಕಾರ್ಡಿನಿಂದ ಹೊರಬಂತು, ಶಿಕ್ಕಾ ರದ್ದಾಯಿತು, ಎಣ್ಣೆ ಶುರುವಾಯಿತು. ಕಾಕಿಗೆ ಏನು ಹೇಳಿದೆ ಗೊತ್ತೇ? ಅರ್ಜಿ ಪಾಸಾಯಿತು ಅಂದೆ. ಆಕೆ ಓಣಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಬಾಯಿಗೂ ಒಂದು ಚಿಟಿಕೆ ಹಾಕಿದಳು. ತಿಂದೆ. ಅಷ್ಟರಲ್ಲಿ ನಿನ್ನ ಮದುವೆಯಾಗಿ ನೀನು ಔರಾದ ಶಹಾಜನಿಗೆ ಹೋಗಿದ್ದಿ.

ಕಾಕಿಯ ಕೆಮ್ಮು ಮಾತ್ರ ಹೋಗಲಿಲ್ಲ. ಡಾಕ್ಟರು ಒಲೆಯ ಹೊಗೆ ಅಂದರು. ನಾನು ನಿನಗೆ, ವಯಸ್ಸು ಅಂತ ಹೇಳಿದೆ.

ಹೋದ ತಿಂಗಳು ನಾನು ಪತ್ರಿಕೆಯಲ್ಲಿ ಒಂದು ಲೇಖನ ಬರೆದೆ. ಪೆಟ್ರೋಲು ಡೀಸೆಲಿನ ತೆರಿಗೆ ಲೀಟರಿನ ಮೇಲೆ ಬೀಳುತ್ತದೆ, ಮನುಷ್ಯನ ಜೇಬು ನೋಡಿ ಬೀಳುವುದಿಲ್ಲ ಅಂತ. ಗಾಡಿ ಇರುವ ನಾನು ಗಡಿ ದಾಟಿ ಬೀದರ ಜಿಲ್ಲೆಯ ಪಂಪಿನಲ್ಲಿ ಅಗ್ಗಕ್ಕೆ ತುಂಬಿಸಿಕೊಂಡು ಬರಬಲ್ಲೆ. ಭಾಜಿ ಬುಟ್ಟಿ ಹೊತ್ತು ಸಂತೆಗೆ ಬರುವ ಹೆಂಗಸು ಟಂಟಂ ರಿಕ್ಷಾದ ಏರಿದ ಬಾಡಿಗೆ ಕೊಟ್ಟೇ ಬರಬೇಕು — ಹೀಗೆಲ್ಲ. ಬಹಳ ಮಂದಿ ಮೆಚ್ಚಿದರು. ನಿನ್ನ ಫೋನು ಬಂತು: "ಅಣ್ಣಾ, ಭಾಳ ಛಲೋ ಬರದಿ. ನಮ್ಮ ಮನಿಗಿ ಬಂದು ನೋಡಿ ಬರದಂಗ ಅದ. ಸುಳ್ಳ ಹೇಳಾಕ ಬರಾಂಗಿಲ್ಲ ನಿನಗ." ನಿನ್ನ ಗಂಡ ಹ್ಯಾಂಗಿದ್ದಾನ ಅಂತ ಕೇಳಿ ಫೋನು ಇಟ್ಟುಬಿಟ್ಟೆ.

ಆ ವಾರವೇ ನಿನ್ನ ಮನೆಗೆ ಬಂದೆ. ಸರ್ಕಾರದ ಯೋಜನೆಯಲ್ಲಿ ಸಿಕ್ಕ ಸಿಲಿಂಡರು ಗೋಡೆಗೆ ಹತ್ತಿ ನಿಂತಿತ್ತು, ಅದರ ತಲೆಯ ಮೇಲೆ ಕುಡಿಯುವ ನೀರಿನ ಬಿಂದಿಗೆ. ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. "ತುಂಬಸ್ತೀವಿ ಬಿಡು, ಬೀಗರು ಬಂದಾಗ" ಅಂತ ನಕ್ಕಿ. ನಿನ್ನ ಗಂಡನ ಟಂಟಂ ಡೀಸೆಲಿಗೆ ಕೊಟ್ಟು ಉಳಿದದ್ದರಲ್ಲಿ ಸಿಲಿಂಡರಿಗೆ ಎಲ್ಲಿಂದ ಬರಬೇಕು. ಕಣ್ಣು ಕೆಂಪಾಗಿ, ಸೆರಗಿನಿಂದ ಒರೆಸಿಕೊಳ್ಳುತ್ತ, ಒಂಬತ್ತನೇ ಇಯತ್ತೆಯ ಮಗಳನ್ನು ಕರೆದು ನನ್ನ ಮುಂದೆ ನಿಲ್ಲಿಸಿದಿ. "ಮಾಮಾನಂಗ ಓದು. ಅಂವಗ ಯಾರ್ ಇದ್ರು? ತನ್ನ ಹಟದ ಮ್ಯಾಲ ಮ್ಯಾಲಕ ಬಂದಾನ."

ನಾನು ಚಹಾ ಕುಡಿದು ಎದ್ದುಬಂದೆ.

ಆಗಿನ ನಿಯಮ ಹಾಗಿತ್ತು, ನಾನೂ ಬಡವನೇ ಆಗಿದ್ದೆ, ವಯಸ್ಸು ಚಿಕ್ಕದು — ಇವೆಲ್ಲ ಬರೆಯಲು ನನಗೆ ಬರುತ್ತದೆ. ಬರೆಯುವುದಿಲ್ಲ. ಎಣ್ಣೆಯ ದರ ಏರಿಸಿದವರು ಬೇರೆ ಇದ್ದಾರೆ, ಅವರ ಲೆಕ್ಕ ಬೇರೆ. ನಿನ್ನ ಅವ್ವನ ಮನೆಯ ಸ್ಟೋವನ್ನು ಆರಿಸಿದ್ದು ನಾನು, ಗೊತ್ತಿದ್ದೂ ಆರಿಸಿದ್ದು.

ಇದು ಅಚ್ಚಾಗುವ ಮೊದಲು ನಿನ್ನ ಕೈಗೆ ಬರಬೇಕು. ಭಾನುವಾರ ಔರಾದಕ್ಕೆ ಬರುತ್ತೇನೆ. ನೀನು ಓದಿ ಮುಗಿಸುವತನಕ ಎದುರಿಗೆ ಕೂತಿರುತ್ತೇನೆ. ಏಳು ಅಂದರೆ ಏಳುತ್ತೇನೆ. ಕ್ಷಮಿಸು ಅಂತ ಕೇಳಲು ಬರುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ಅದು ನನಗೆ ಗೊತ್ತು.

ಒಂದೇ ಮಾತು. ಮಗಳಿಗೆ ಓದು ಅನ್ನುವಾಗ ಇನ್ನು ನನ್ನ ಹೆಸರು ಹೇಳಬೇಡ. ನೀ ಯಾಕ ಸಾಲಿ ಬಿಟ್ಟಿ ಅಂತ ಆಕೆ ಕೇಳಿದ ದಿನ, ಇದನ್ನು ಆಕೆಗೆ ಓದಲು ಕೊಡು.